ವಾಯುವಿನಲ್ಲಿ ಕಣೋತ್ಪತ್ತಿ

ಮೇಘದೂತವನ್ನು ಪಾಠ ಹೇಳುವವರಿಗೆಲ್ಲ ಕಾವ್ಯದ ಆರಂಭದಲ್ಲಿಯೇ ಒಂದು ಪ್ರಶ್ನೆ ಎದುರಾಗುವುದುಂಟು. ಮೇಘವು ಏತರಿಂದಾದುದೆಂದು ಹೇಳುವಾಗ ಕಾಳಿದಾಸನು ನೀರು, ಗಾಳಿ, ಬೆಳಕು ಇವುಗಳೊಡನೆ ಹೊಗೆಯನ್ನೂ ಎಣಿಸಿರುವನು. ನೀರಿನಿಂದಾಗುವ ಮೋಡದಲ್ಲಿ ಹೊಗೆಗೇನು ಕೆಲಸವೆಂದು ವಿದ್ಯಾರ್ಥಿಯು ಕೇಳುವನು. ಛಾಂದೋಗ್ಯದ ಪಂಚಾಗ್ನಿವಿದ್ಯೆಯ ಪ್ರಕರಣದಲ್ಲಿಯೂ ಧೂಮದಿಂದ ಅಭ್ರ, ಅಭ್ರದಿಂದ ಮೇಘವೆಂಬ ಕ್ರಮವಿರುವುದನ್ನು ತೋರಿಸಿ, ಪೂರ್ವಿಕರ ನಂಬಿಕೆ ಹಾಗಿತ್ತೆಂದು ಹೇಳಿ ನಾವು ಮುಂದಣ ಶ್ಲೋಕಕ್ಕೆ ಸಾಗುವೆವು. ಅದೇ ಹೊತ್ತಿಗೆ ಪಕ್ಕದ ಕೊಠಡಿಯಲ್ಲಿ ವಿಜ್ಞಾನದ ಉಪಾಧ್ಯಾಯರು, ಗಾಳಿಯಲ್ಲಿ ತೇಲುವ ದೂಳಿನ ಮೇಲೆ ನೀರಾವಿಯು ಕುಳಿತು ಮೋಡವಾಗುವುದೆಂದು ಬೋಧಿಸುತ್ತಿರುವರು. ಮಕ್ಕಳು ಒಂದು ಗಂಟೆ ಹೊಗೆಯೆಂದೂ ಇನ್ನೊಂದು ಗಂಟೆ ದೂಳೆಂದೂ ಬರೆದುಕೊಳ್ಳುವರು. ಎರಡೂ ಸುಳ್ಳಲ್ಲ, ಎರಡೂ ಪೂರ್ತಿಯಾಗಿ ಸತ್ಯವೂ ಅಲ್ಲ.

ಈಗ ವಿದ್ವಾಂಸರ ಗಣನೆಯಂತೆ, ಭೂಮಂಡಲದ ಮೇಘಗಳಿಗೆ ಬೀಜವಾಗುವ ಕಣಗಳಲ್ಲಿ ಸುಮಾರು ಅರ್ಧದಷ್ಟು ಹೊಗೆಯೂ ಅಲ್ಲ, ದೂಳೂ ಅಲ್ಲ, ಕಡಲಿನ ಉಪ್ಪೂ ಅಲ್ಲ. ಅವು ನೆಲದಿಂದ ಎದ್ದವುಗಳಲ್ಲ. ಗಾಳಿಯಲ್ಲಿಯೇ, ಕಣ್ಣಿಗೆ ಕಾಣದ ಅನಿಲಗಳಿಂದ, ಹೊಸತಾಗಿ ಹುಟ್ಟಿದವುಗಳು. ಎದ್ದ ಕಣ ಮತ್ತು ಹುಟ್ಟಿದ ಕಣ ಎಂಬ ಈ ಭೇದವನ್ನು ನಮ್ಮ ಮಾತು ಇನ್ನೂ ಗುರುತಿಸಿಕೊಂಡಿಲ್ಲ. ಅಮರಸಿಂಹನು ರೇಣು, ಧೂಲಿ, ಪಾಂಸು, ರಜಸ್ಸು ಎಂಬ ನಾಲ್ಕು ಶಬ್ದಗಳನ್ನು ಒಟ್ಟಿಗೆ ಕೊಟ್ಟಿರುವುದು ಕ್ಷತ್ರಿಯವರ್ಗದಲ್ಲಿ; ಎಂದರೆ ಸೇನೆ ನಡೆದಾಗ ನೆಲದಿಂದೇಳುವುದೇ ಅವನ ಮನಸ್ಸಿನಲ್ಲಿದ್ದ ದೂಳು. ಕನ್ನಡದಲ್ಲಿಯೂ ನಾವು ದೂಳು ಎದ್ದಿತು, ದೂಳು ಹಾರಿತು ಎನ್ನುವೆವೇ ಹೊರತು ದೂಳು ಹುಟ್ಟಿತು ಎನ್ನುವುದಿಲ್ಲ. ಪ್ರಕೃತ ಲೇಖನದಲ್ಲಿ ಈ ಹುಟ್ಟು ಹೇಗಾಗುವುದು, ಹುಟ್ಟಿದ ಕಣವು ಹೇಗೆ ಬೆಳೆಯುವುದು, ನಮ್ಮ ಪಡುಗಡಲ ತೀರದ ಪಟ್ಟಣಗಳಲ್ಲಿ ಅದಕ್ಕೆ ಯಾವ ವಿಶೇಷವುಂಟು ಎಂಬುದನ್ನು ಯಥಾಮತಿ ವಿವರಿಸಲು ಯತ್ನಿಸಿದೆ.

ಉದಾಹರಣೆಗೆ ಫರಂಗಿಪೇಟೆಯನ್ನೇ ತೆಗೆದುಕೊಳ್ಳುವೆನು. ಪೋರ್ತುಗೀಸರ ನೆನಪನ್ನು ಹೆಸರಿನಲ್ಲಿಯೇ ಹೊತ್ತಿರುವ ಈ ಊರು ಬಂಟ್ವಾಳ ತಾಲೂಕಿನ ಪಡುವಣ ಅಂಚಿನಲ್ಲಿ, ನೇತ್ರಾವತಿಯ ಬಲದಂಡೆಯ ಮೇಲೆ, ಮಂಗಳೂರಿನಿಂದ ಮೂಡಕ್ಕೆ ಸುಮಾರು ೧೨ ಕಿಲೋಮೀಟರು ದೂರದಲ್ಲಿದೆ. ಮೂಡಣ ದಿಕ್ಕಿಗೆ ಹೊಳೆಯ ಕಣಿವೆಯು ಘಟ್ಟದವರೆಗೆ ತೆರೆದುಕೊಂಡಿದೆ; ಪಡುವಣ ದಿಕ್ಕಿಗೆ ನಗರ, ಅದರಾಚೆ ಸಮುದ್ರ; ವಾಯವ್ಯಕ್ಕೆ ಪಣಂಬೂರಿನ ಬಂದರು. ಬೆಂಗಳೂರಿಗೆ ಹೋಗುವ ಹೆದ್ದಾರಿ ಊರಿನ ನಡುವೆಯೇ ಹಾದಿದೆ. ಮಾಗಿಯ ಕಾಲದಲ್ಲಿ ಬೆಳಗಿನ ಜಾವ ಹೊಳೆಯ ಬದಿಗೆ ಹೋಗಿ ನಿಂತರೆ ನೀರಿನ ಮೇಲಣ ಮಂಜು ಬೇರೆ, ಅದಕ್ಕಿಂತ ತುಸು ಮೇಲೆ ತೆಂಗಿನ ತಲೆಗಳ ಮಟ್ಟದಲ್ಲಿ ಅಡ್ಡಲಾಗಿ ಚಾಚಿಕೊಂಡ ಹೊಗೆ ಬೇರೆ ಎಂಬುದು ಸ್ಪಷ್ಟವಾಗಿ ಕಾಣುವುದು. ಬಚ್ಚಲೊಲೆಗೆ ಹಾಕಿದ ತೆಂಗಿನ ಸಿಪ್ಪೆ, ಒಣಗಿದ ಗರಿ, ಅಡಿಕೆಯ ಸೋಗೆ ಇವುಗಳ ಹೊಗೆಯದು. ಮೂಡುಗಾಳಿಯು ಅದನ್ನು ಮೆಲ್ಲನೆ ಕಡಲ ಕಡೆಗೆ ಒಯ್ಯುತ್ತಿರುವುದು. ಹತ್ತು ಹನ್ನೊಂದು ಗಂಟೆಯ ಹೊತ್ತಿಗೆ ಗಾಳಿ ಒಮ್ಮೆ ನಿಂತಂತಾಗಿ, ಆಮೇಲೆ ಪಡುಗಾಳಿ ತೊಡಗುವುದು. ಹಾಯಿಯ ದೋಣಿಗಳ ಕಾಲದಲ್ಲಿ ಮೀನುಗಾರರು ಮೂಡುಗಾಳಿಯಲ್ಲಿ ಹೊರಟು ಪಡುಗಾಳಿಯಲ್ಲಿ ಮರಳುತ್ತಿದ್ದುದು ಈ ಕ್ರಮವನ್ನು ನಂಬಿಯೇ. ಗಾಳಿ ಮಗುಚುವ ಆ ಸಂಧಿಕಾಲವೇ ನಮ್ಮ ಪ್ರಸ್ತಾವಕ್ಕೆ ಮುಖ್ಯವಾದುದು. ಅದನ್ನು ಮುಂದೆ ನೋಡುವೆವು.

ಮೋಡಕ್ಕೆ ಬೀಜ ಬೇಕೆಂಬುದು ಮೊದಲು ತಿಳಿದುದು ಒಂದು ಗಾಜಿನ ಪಾತ್ರೆಯಿಂದ. ೧೮೭೫ರಲ್ಲಿ ಫ್ರಾನ್ಸಿನ ಕೂಲಿಯೇ ಎಂಬವರು, ತೇವವಾದ ಗಾಳಿಯನ್ನು ಪಾತ್ರೆಯೊಳಗಿಟ್ಟು ಒತ್ತಡವನ್ನು ತಟ್ಟನೆ ಇಳಿಸಿದರೆ ಮಂಜು ಮೂಡುವುದೆಂದೂ, ಆ ಗಾಳಿಯನ್ನು ಮೊದಲೇ ಹತ್ತಿಯಲ್ಲಿ ಸೋಸಿದರೆ ಮೂಡುವುದಿಲ್ಲವೆಂದೂ ಕಂಡರು. ಕೆಲವು ವರ್ಷಗಳ ಮೇಲೆ ಸ್ಕಾಟ್‌ಲೆಂಡಿನ ಜಾನ್ ಐಟ್ಕನ್ನರು ಇವರ ಕೆಲಸವನ್ನು ತಿಳಿಯದೆಯೇ ಅದೇ ಫಲಕ್ಕೆ ಬಂದು, ಗಾಳಿಯಲ್ಲಿರುವ ಬೀಜಗಳನ್ನು ಎಣಿಸುವ ಯಂತ್ರವೊಂದನ್ನು ಕಟ್ಟಿದರು. ಕಾಣದ ಕಣದ ಮೇಲೆ ನೀರನ್ನು ಕೂರಿಸಿ ಹನಿಯಾಗಿಸಿ, ಬಿದ್ದ ಹನಿಗಳನ್ನು ಎಣಿಸುವುದು ಅದರ ಉಪಾಯ. ಇಂದಿನ ಯಂತ್ರಗಳು ನೀರಿಗೆ ಬದಲಾಗಿ ಬಹುಮಟ್ಟಿಗೆ ಬ್ಯೂಟನಾಲ್ ಎಂಬ ಮದ್ಯಸಾರದ ಆವಿಯನ್ನು ಬಳಸುವುವು, ಕಣ್ಣಿಗೆ ಬದಲಾಗಿ ಬೆಳಕಿನ ಕಿರಣದಿಂದ ಎಣಿಸುವುವು; ತತ್ತ್ವ ಮಾತ್ರ ಐಟ್ಕನ್ನರದೇ. ಎಂದರೆ, ಮೇಘಬೀಜವನ್ನು ಕಾಣಲು ಮನುಷ್ಯನು ಇಂದಿಗೂ ಒಂದು ಪುಟ್ಟ ಮೇಘವನ್ನೇ ಮಾಡಬೇಕಾಗಿದೆ.

ಬೀಜವೇಕೆ ಬೇಕು? ಅನಿಲದ ಅಣುಗಳು ತಾವೇ ಕೂಡಿ ಹನಿಯಾಗಬಾರದೇಕೆ? ಇದಕ್ಕೆ ಉತ್ತರವನ್ನು ೧೮೭೧ರಲ್ಲಿ ವಿಲಿಯಂ ಥಾಮ್ಸನ್ನರು, ಅನಂತರ ಕೆಲ್ವಿನ್ ಪ್ರಭುವೆಂದು ಹೆಸರಾದವರು, ಸೂಚಿಸಿದರು. ಸಮತಲವಾದ ನೀರಿನಲ್ಲಿ ಮೇಲ್ಮೈಯ ಅಣುವನ್ನು ಅಕ್ಕಪಕ್ಕದ ಅಣುಗಳು ಬಿಗಿಯಾಗಿ ಹಿಡಿದಿರುವುವು. ಉಂಡೆಯಾದ ಮೇಲ್ಮೈಯಲ್ಲಿ ನೆರೆಯವರು ಕಡಮೆ. ಉಂಡೆ ಸಣ್ಣದಾದಷ್ಟೂ ಹಿಡಿತ ಸಡಿಲ. ಆದಕಾರಣ ಹತ್ತಾರು ಅಣುಗಳು ಆಕಸ್ಮಿಕವಾಗಿ ಕೂಡಿದರೂ ಮರುಕ್ಷಣದಲ್ಲಿಯೇ ಚದರಿಹೋಗುವುವು. ಕಣರಹಿತವಾದ ಶುದ್ಧ ಗಾಳಿಯಲ್ಲಿ ನೀರಾವಿಯು ತಾನೇ ಹನಿಗಟ್ಟಬೇಕಾದರೆ ಗಾಳಿಯು ತಾಳಬಲ್ಲ ಪ್ರಮಾಣದ ಸುಮಾರು ಎಂಟು ಪಾಲು ಆವಿ ಬೇಕೆಂದು ಸಿ. ಟಿ. ಆರ್. ವಿಲ್ಸನ್ನರು ಮೇಘಪಾತ್ರೆಯ ಪ್ರಯೋಗಗಳಲ್ಲಿ ಕಂಡರು. ವಿದ್ಯುದಾವೇಶವುಳ್ಳ ಕಣಗಳಿದ್ದರೂ ನಾಲ್ಕು ಪಾಲು ಬೇಕು. ನಿಜವಾದ ಮೋಡಗಳಲ್ಲಿಯಾದರೋ ಆವಿಯು ಆ ಪ್ರಮಾಣವನ್ನು ನೂರಕ್ಕೆ ಒಂದರಷ್ಟು ಮೀರುವುದೂ ಅಪರೂಪ. ಆದುದರಿಂದ ನೀರಿಗೆ ಸ್ವಯಂಜನ್ಮವಿಲ್ಲ. ನೀರಿಗಿಂತ ಬಹಳ ಗಟ್ಟಿಯಾಗಿ ಒಂದನ್ನೊಂದು ಹಿಡಿದುಕೊಳ್ಳುವ ಬೇರೆ ಅಣುಗಳು ಮೊದಲು ಕೂಡಬೇಕು.

ಆ ಅಣುಗಳು ಯಾವುವು, ಕೂಡುವ ಬಗೆ ಹೇಗೆ ಎಂಬುದನ್ನು ನಮ್ಮ ವಾಚಕರಿಗೆ ಪರಿಚಿತವಾದ ತರ್ಕಶಾಸ್ತ್ರದ ಪರಿಭಾಷೆಯಲ್ಲಿ ಹೇಳಿದರೆ ಸುಲಭವಾಗುವುದೆಂದು ತೋರುತ್ತದೆ. ಘಟಕ್ಕೆ ಮಣ್ಣು ಸಮವಾಯಿಕಾರಣ, ಕಪಾಲಗಳ ಸಂಯೋಗವು ಅಸಮವಾಯಿಕಾರಣ, ಕುಂಬಾರನೂ ಚಕ್ರವೂ ನಿಮಿತ್ತಕಾರಣ. ಹಾಗೆಯೇ ಇಲ್ಲಿ ಆವಿಗಳು ಸಮವಾಯಿಕಾರಣ, ಅಣುಗಳ ಸಂಯೋಗವು ಅಸಮವಾಯಿಕಾರಣ, ಬಿಸಿಲು ನಿಮಿತ್ತಕಾರಣ.

ಆವಿಗಳಲ್ಲಿ ಪ್ರಧಾನವಾದುದು ಗಂಧಕಾಮ್ಲದ ಆವಿ. ಕಲ್ಲಿದ್ದಲನ್ನಾಗಲಿ ಗಂಧಕವುಳ್ಳ ಎಣ್ಣೆಯನ್ನಾಗಲಿ ಉರಿಸಿದಾಗ ಗಂಧಕದ ಡೈಆಕ್ಸೈಡೆಂಬ ಅನಿಲ ಹೊರಡುವುದು. ಸಮುದ್ರದ ಸೂಕ್ಷ್ಮಸಸ್ಯಗಳಿಂದ ಹೊರಡುವ ಗಂಧಕದ ಆವಿಯೂ ಕ್ರಮೇಣ ಅದೇ ಅನಿಲವಾಗುವುದುಂಟು. ಬಿಸಿಲು ಓಜೋನನ್ನು ಒಡೆದು, ಅದರ ತುಣುಕು ನೀರಾವಿಯೊಡನೆ ಸೇರಿ ಹೈಡ್ರಾಕ್ಸಿಲ್ ಎಂಬ ಅಲ್ಪಾಯುವಾದ, ಆದರೆ ಅತಿ ಚುರುಕಾದ ದ್ರವ್ಯವು ಉಂಟಾಗುವುದು. ಅದು ಗಂಧಕದ ಅನಿಲವನ್ನು ಹಿಡಿದು ಅಮ್ಲವಾಗಿಸುವ ಕೆಲಸವನ್ನು ತೊಡಗಿಸುವುದು. ಪ್ರಮಾಣವನ್ನು ಕೇಳಿದರೆ ಬೆರಗಾಗುವುದು. ಒಂದು ಘನ ಸೆಂಟಿಮೀಟರು ಗಾಳಿಯಲ್ಲಿ ಒಟ್ಟು ಅಣುಗಳು ೨೫ರ ಮುಂದೆ ಹದಿನೆಂಟು ಸೊನ್ನೆ ಬರೆದಷ್ಟು. ಅವುಗಳಲ್ಲಿ ಗಂಧಕಾಮ್ಲದವು ಹಗಲು ಹೊತ್ತಿನಲ್ಲಿ ಹತ್ತು ಲಕ್ಷದಿಂದ ಒಂದು ಕೋಟಿ. ಇಷ್ಟು ವಿರಳವಾಗಿದ್ದೂ ಹುಟ್ಟಿಗೆ ಮೂಲವಾಗಬಲ್ಲದಾದುದಕ್ಕೆ ಕಾರಣವೇನೆಂದರೆ, ಈ ಆವಿಯು ಒಮ್ಮೆ ಅಂಟಿದರೆ ಬಿಡುವುದು ಬಹು ಕಷ್ಟ.

ಆದರೂ ಅಮ್ಲ ಒಂದೇ ಸಾಲದು. ಎಳ್ಳನ್ನು ಎಷ್ಟು ಒತ್ತಿದರೂ ಬೆಲ್ಲದ ಪಾಕವಿಲ್ಲದೆ ಉಂಡೆ ನಿಲ್ಲದಷ್ಟೆ! ಇಲ್ಲಿ ಪಾಕದ ಸ್ಥಾನದಲ್ಲಿರುವುದು ಕ್ಷಾರ. ಹಟ್ಟಿಯ ಗೊಬ್ಬರದಿಂದಲೂ ಗದ್ದೆಗೆ ಹಾಕಿದ ಯೂರಿಯಾದಿಂದಲೂ ಏಳುವ ಅಮೋನಿಯಾ ಇಂಥದೊಂದು. ಅದರ ಬಳಗದ ಅಮೀನುಗಳು ಇನ್ನೂ ಬಲವಾದವು. ಮಂಗಳೂರಿನ ಬಂದರದ ದಕ್ಕೆಗೆ ಹೋದವರಿಗೆ ಮೂಗಿಗೆ ಬಡಿಯುವ ಮೀನಿನ ವಾಸನೆಯಿದೆಯಲ್ಲ, ಅದು ಬಹುಮಟ್ಟಿಗೆ ಅಮೀನುಗಳದೇ. ಗಂಧವು ಪೃಥಿವಿಯ ಗುಣ, ವಾಯುವಿಗೆ ಗಂಧವಿಲ್ಲ, ಗಾಳಿಯಲ್ಲಿ ವಾಸನೆ ಬಂದರೆ ಅದರಲ್ಲಿ ಪಾರ್ಥಿವಾಂಶಗಳು ಸೇರಿರುವುವೆಂದು ತಿಳಿಯಬೇಕು ಎಂದು ತಾರ್ಕಿಕರು ಹೇಳುವರು. ಬಾಲ್ಯದಲ್ಲಿ ಇದನ್ನು ಕಂಠಪಾಠ ಮಾಡಿದಾಗ ಬರಿಯ ಮಾತೆಂದು ತೋರಿದ್ದಿತು; ದಕ್ಕೆಯ ವಾಸನೆಯು ಅಣುರೂಪದ ದ್ರವ್ಯವೇ ಎಂದೂ, ಆ ದ್ರವ್ಯವು ಅಮ್ಲದೊಡನೆ ಕೂಡಿ ಕಣಕ್ಕೆ ಒಡಲಾಗಬಲ್ಲದೆಂದೂ ಓದಿದ ಮೇಲೆ ಆ ಸೂತ್ರವು ನನಗೆ ಬೇರೆಯಾಗಿಯೇ ಕೇಳಿಸುತ್ತಿದೆ.

ಈ ವಿಷಯದಲ್ಲಿ ನಿರ್ಣಾಯಕವಾದ ಪರೀಕ್ಷೆಗಳು ನಡೆದುದು ಜಿನೀವಾದ ಬಳಿಯ ಸೆರ್ನ್ ಸಂಸ್ಥೆಯಲ್ಲಿ. ಅಲ್ಲಿ ೨೬ ಘನಮೀಟರು ಹಿಡಿಸುವ ಉಕ್ಕಿನ ಕೋಠಿಯೊಂದರೊಳಗೆ ಅತ್ಯಂತ ಶುದ್ಧವಾದ ಗಾಳಿಯನ್ನು ತುಂಬಿ, ಆವಿಗಳನ್ನು ಒಂದೊಂದಾಗಿ ಅಳೆದು ಸೇರಿಸಿ, ಕಣ ಹುಟ್ಟುವುದೋ ಇಲ್ಲವೋ ಎಂದು ನೋಡುವರು. 'ಕ್ಲೌಡ್' ಎಂಬ ಹೆಸರಿನ ಈ ಪ್ರಯೋಗವು ೨೦೦೯ರಲ್ಲಿ ಆರಂಭವಾಯಿತು. ಲಕ್ಷಕೋಟಿಯಲ್ಲಿ ನೂರು ಪಾಲು ಅಮೋನಿಯಾ ಸೇರಿಸಿದರೆ ಹುಟ್ಟಿನ ವೇಗವು ನೂರರಿಂದ ಸಾವಿರ ಪಾಲಿನವರೆಗೆ ಹೆಚ್ಚುವುದೆಂದೂ, ಅಷ್ಟಾದರೂ ನೆಲದ ಸಮೀಪದಲ್ಲಿ ವಾಸ್ತವವಾಗಿ ಕಾಣುವ ವೇಗಕ್ಕೆ ಅದು ಸಾಲದೆಂದೂ ೨೦೧೧ರಲ್ಲಿ ತಿಳಿಯಿತು. ಎರಡು ವರ್ಷಗಳ ತರುವಾಯ ಡೈಮೀಥೈಲ್ ಅಮೀನನ್ನು ಅತ್ಯಲ್ಪವಾಗಿ ಸೇರಿಸಿದಾಗ, ವೇಗವು ಅಮೋನಿಯಾ ಸೇರಿಸಿದುದಕ್ಕಿಂತ ಸಾವಿರ ಪಾಲಿಗೂ ಮೀರಿ ಹೆಚ್ಚಿತು. ಮರಗಿಡಗಳ ಸುಗಂಧದ ಆವಿಗಳು ಗಾಳಿಯಲ್ಲಿ ಪರಿಣಾಮಗೊಂಡು, ಗಂಧಕಾಮ್ಲದ ನೆರವಿಲ್ಲದೆಯೂ ಕಣವಾಗಬಲ್ಲವೆಂದು ೨೦೧೬ರಲ್ಲಿಯೂ, ಕಡಲಿನ ಅಯೋಡೀನಿನಿಂದಾಗುವ ಅಮ್ಲಗಳು ಬಹು ವೇಗವಾಗಿ ಕಣವಾಗುವುವೆಂದು ೨೦೨೧ರಲ್ಲಿಯೂ ಅಲ್ಲಿಯವರೇ ತೋರಿಸಿದರು.

ಹೀಗೆ ಹುಟ್ಟಿದ ಕಣದ ಅಳತೆ ಒಂದರಿಂದ ಎರಡು ನ್ಯಾನೋಮೀಟರು. ನ್ಯಾನೋಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಮೇಘಬೀಜವಾಗಲು ಅದು ಸಾಮಾನ್ಯವಾಗಿ ೫೦ರಿಂದ ೧೦೦ ನ್ಯಾನೋಮೀಟರಿನವರೆಗೆ ಬೆಳೆಯಬೇಕು. ಈ ಬೆಳವಣಿಗೆಯಲ್ಲಿ ಗಂಧಕಾಮ್ಲದ ಪಾಲು ಅಷ್ಟೊಂದಿಲ್ಲ. ಮರಗಿಡಗಳಿಂದಲೂ ವಾಹನಗಳಿಂದಲೂ ಸೌದೆಯ ಹೊಗೆಯಿಂದಲೂ ಬರುವ ಇಂಗಾಲಯುಕ್ತವಾದ ಆವಿಗಳೇ ಅದನ್ನು ಹೆಚ್ಚಾಗಿ ಪೋಷಿಸುವುವು. ಹುಟ್ಟಿಸಿದವರು ಬೇರೆ, ಸಾಕಿದವರು ಬೇರೆ ಎಂಬಂತಿದೆ.

ಇನ್ನು ನ್ಯಾಯಮತದಲ್ಲಿ ಪ್ರತಿಬಂಧಕಾಭಾವವೂ ಒಂದು ಕಾರಣವೆಂಬುದನ್ನು ವಾಚಕರು ಬಲ್ಲರು. ಬೆಂಕಿಯಿದೆ, ಸೌದೆಯಿದೆ, ಆದರೆ ಚಂದ್ರಕಾಂತಮಣಿಯು ಸಮೀಪದಲ್ಲಿದ್ದರೆ ದಾಹವಿಲ್ಲ, ಆದುದರಿಂದ ಮಣಿಯಿಲ್ಲದಿರುವುದೂ ದಾಹಕ್ಕೆ ಕಾರಣವೆಂದು ಗಣಿಸತಕ್ಕದ್ದು. ಪಾಠಶಾಲೆಯಲ್ಲಿ ನಾವು ಈ ಮಣಿಯನ್ನು ಕಂಡವರಾರೆಂದು ನಗುತ್ತಿದ್ದುದುಂಟು. ಕಣೋತ್ಪತ್ತಿಯಲ್ಲಿ ಮಣಿಯ ಸ್ಥಾನದಲ್ಲಿರುವುದು ಹಳೆಯ ಕಣಗಳೇ. ಗಾಳಿಯಲ್ಲಿ ಮೊದಲೇ ಹೊಗೆಯೂ ದೂಳೂ ತುಂಬಿದ್ದರೆ, ಆವಿಯ ಅಣುಗಳು ಪರಸ್ಪರ ಕೂಡುವುದಕ್ಕೆ ಮೊದಲು ಆ ದೊಡ್ಡ ಕಣಗಳ ಮೈಗೆ ಅಂಟಿಕೊಂಡುಬಿಡುವುವು. ಹೇಗೋ ಹುಟ್ಟಿದ ಶಿಶುಕಣಗಳೂ ಸಣ್ಣವಾದುದರಿಂದ ಅತಿ ಚಂಚಲವಾಗಿ ಓಡಾಡುತ್ತ ದೊಡ್ಡವುಗಳಿಗೆ ಡಿಕ್ಕಿ ಹೊಡೆದು ಅವುಗಳಲ್ಲಿ ಲೀನವಾಗುವುವು. ಕೊಳೆಯಾದ ಗಾಳಿಯಲ್ಲಿ ಒಂದೆರಡು ನ್ಯಾನೋಮೀಟರಿನ ಕಣದ ಆಯುಸ್ಸು ಕೆಲವು ನಿಮಿಷಗಳು ಮಾತ್ರ. ಬೆಳೆದು ದೊಡ್ಡದಾಗುವುದು ಮೊದಲೋ ದೊಡ್ಡದರ ಬಾಯಿಗೆ ಬೀಳುವುದು ಮೊದಲೋ ಎಂಬ ಪಂದ್ಯವಿದು. ಆದುದರಿಂದ ಕಣಗಳು ಹೊಸತಾಗಿ ಹುಟ್ಟುವುದು ಹೊಗೆ ದಟ್ಟವಾದಲ್ಲಿ ಎಂಬ ಊಹೆ ತಪ್ಪು. ಆವಿಯಿದ್ದು ಹೊಗೆ ತೆಳುವಾದಲ್ಲಿಯೇ ಹುಟ್ಟು ಸುಲಭ.

ಈ ನಿಯಮಕ್ಕೂ ಅಪವಾದವಿಲ್ಲದಿಲ್ಲ. ದೆಹಲಿಯ ಗಾಳಿಯಲ್ಲಿ ಚಳಿಗಾಲದ ರಾತ್ರಿ, ಬಿಸಿಲೆಂಬ ನಿಮಿತ್ತವೂ ಇಲ್ಲದೆ, ಪ್ರತಿಬಂಧಕವು ತುಂಬಿದ್ದರೂ, ಸೂಕ್ಷ್ಮಕಣಗಳು ಅತಿವೇಗವಾಗಿ ಬೆಳೆಯುವುದನ್ನು ಕಾನ್ಪುರದ ಐಐಟಿಯ ವಿದ್ವಾಂಸರು ೨೦೨೩ರಲ್ಲಿ ಪ್ರಕಟಿಸಿದರು. ಸೌದೆ, ಕಸ ಮುಂತಾದುವನ್ನು ಉರಿಸಿದಾಗ ಹೊರಟ ಆವಿಗಳು ರಾತ್ರಿಯ ತಂಪಿಗೆ ಘನೀಭವಿಸಿ ಕಣಗಳನ್ನು ಪುಷ್ಟಿಗೊಳಿಸುವುವೆಂದು ಅವರ ನಿರ್ಣಯ. ನೇತ್ರಾವತಿಯ ದಂಡೆಯ ಬಚ್ಚಲೊಲೆಗೂ ದೆಹಲಿಯ ಬೆಂಕಿಗಳಿಗೂ ಪ್ರಮಾಣದಲ್ಲಿ ಹೋಲಿಕೆಯಿಲ್ಲ. ಜಾತಿಯಲ್ಲಿ ಮಾತ್ರ ಎರಡೂ ಒಂದೇ.

ಈಗ ಕಡಲ ತೀರದ ಗಾಳಿಯ ಸಂಧಿಕಾಲಕ್ಕೆ ಬರುವೆವು. ನಮ್ಮ ಈ ಪಡುಗರೆಯಲ್ಲಿಯೇ, ತಿರುವನಂತಪುರದಲ್ಲಿ, ಸುರೇಶ್ ಬಾಬು, ಸೋಭನ್ ಕುಮಾರ್ ಕೊಂಪಲ್ಲಿ, ಕೃಷ್ಣಮೂರ್ತಿ ಎಂಬ ವಿದ್ವಾಂಸರು ಒಂದು ವರ್ಷಕಾಲ ಗಾಳಿಯ ಕಣಗಳನ್ನು ಗಾತ್ರಕ್ಕನುಸಾರವಾಗಿ ಎಣಿಸಿ, ಫಲವನ್ನು ೨೦೧೬ರಲ್ಲಿ ಪ್ರಕಟಿಸಿದರು. ಅವರ ಎಣಿಕೆಯಲ್ಲಿ ೧೦೦ ನ್ಯಾನೋಮೀಟರಿಗಿಂತ ಸಣ್ಣ ಕಣಗಳು ಒಟ್ಟಿನಲ್ಲಿ ನೂರಕ್ಕೆ ೪೫ರವರೆಗೂ ಇದ್ದುವು. ಆ ಸಣ್ಣ ಕಣಗಳು ಒಮ್ಮೆಲೇ ಗುಂಪುಗುಂಪಾಗಿ ಹೆಚ್ಚುವುದು ಆಗಾಗ ಕಂಡುಬಂದಿತು. ಹೆಚ್ಚುವ ಹೊತ್ತಾದರೋ ಮೂಡುಗಾಳಿಯು ಪಡುಗಾಳಿಗೂ ಪಡುಗಾಳಿಯು ಮೂಡುಗಾಳಿಗೂ ಎಡೆಗೊಡುವ ಸಂಧಿ. ಇದರ ಕಾರಣವನ್ನು ಅವರು ಹೀಗೆ ಊಹಿಸಿರುವರು: ನಗರದ ಗಾಳಿಯಲ್ಲಿ ಆವಿಗಳು ಸಮೃದ್ಧವಾಗಿವೆ, ಪ್ರತಿಬಂಧಕವೂ ಹೆಚ್ಚಾಗಿದೆ, ಕಡಲ ಗಾಳಿಯು ಅದಕ್ಕಿಂತ ನಿರ್ಮಲ. ಇವೆರಡೂ ಬಲವಾಗಿ ಕಲಸಿಕೊಂಡಲ್ಲಿ ಉತ್ಪತ್ತಿಗೆ ಅನುಕೂಲವಾಗುವುದು. ಬೆಚ್ಚನೆಯ ಉಸಿರು ಚಳಿಯ ಗಾಳಿಯಲ್ಲಿ ಬೆರೆತಾಗ, ಎರಡರಲ್ಲಿಯೂ ಮಂಜಿಲ್ಲದಿದ್ದರೂ ಬೆರೆತಲ್ಲಿ ಮಂಜು ಕಾಣುವುದಲ್ಲವೆ, ಅದರ ಹಾಗೆ. ಅಲ್ಲದೆ ಈ ಹುಟ್ಟು ಯಂತ್ರವಿದ್ದ ಸ್ಥಳದಲ್ಲಿಯೇ ಆದುದಲ್ಲ, ಬೇರೆಡೆಯಲ್ಲಿ ಹುಟ್ಟಿದ ಕಣಗಳನ್ನು ಗಾಳಿಯ ಚಲನೆಯು ನೆಲದ ಮಟ್ಟಕ್ಕೆ ತಂದಿತೆಂಬುದೂ ಅವರ ಅಭಿಪ್ರಾಯ. ಅವರ ಯಂತ್ರವು ೧೫ ನ್ಯಾನೋಮೀಟರಿಗಿಂತ ಕೆಳಗೆ ಕಾಣಲಾರದು. ಎಂದರೆ ಅವರು ಕಂಡುದು ತೊಟ್ಟಿಲ ಮಗುವನ್ನಲ್ಲ, ಅಂಬೆಗಾಲಿಕ್ಕಿ ಹೊಸಿಲು ದಾಟಿದ ಮಗುವನ್ನು.

ಬೆಳವಣಿಗೆಯ ವೇಗವು ಗಂಟೆಗೆ ೧ರಿಂದ ೧೫ ನ್ಯಾನೋಮೀಟರು, ಸರಾಸರಿ ಸುಮಾರು ೭ ಎಂದು ಅವರು ಕಂಡರು. ಈ ಸರಾಸರಿಯನ್ನು ಫರಂಗಿಪೇಟೆಗೆ ಹೊಂದಿಸಿ ಒಂದು ಲೆಕ್ಕ ಮಾಡಿ ನೋಡೋಣ. ಲೆಕ್ಕ ನನ್ನದು, ತಪ್ಪಿದ್ದರೆ ಹೊಣೆಯೂ ನನ್ನದು. ಬೇಸಗೆಯ ಒಂದು ದಿನ ಹನ್ನೊಂದು ಗಂಟೆಗೆ ಪಡುಗಾಳಿಯು ನಗರದ ಆವಿಯನ್ನು ಎತ್ತಿಕೊಂಡು ಊರಿನ ಮೇಲೆ ಬರುವಾಗ ಒಂದು ಕಣ ಹುಟ್ಟಿತೆನ್ನೋಣ. ಗಾಳಿಯ ವೇಗ ಕ್ಷಣಕ್ಕೆ, ಎಂದರೆ ಸೆಕೆಂಡಿಗೆ, ೩ ಮೀಟರು ಇದ್ದರೆ ಆರು ಗಂಟೆಗಳಲ್ಲಿ ಆ ಕಣವು ೬೫ ಕಿಲೋಮೀಟರು ಸಾಗುವುದು. ತುಂಬೆ, ಬಂಟ್ವಾಳ, ಬೆಳ್ತಂಗಡಿಗಳನ್ನು ದಾಟಿ ಸಂಜೆಗೆ ಅದು ಚಾರ್ಮಾಡಿಯ ಅಡಿಯಲ್ಲಿರುವುದು. ಅಷ್ಟರಲ್ಲಿ ಅದರ ಗಾತ್ರ ೪೦ ನ್ಯಾನೋಮೀಟರನ್ನು ದಾಟಿರುವುದು. ಇನ್ನೊಂದಿಷ್ಟು ಬೆಳೆದರೆ ಮೇಘಬೀಜ. ರಾತ್ರಿ ಮೂಡುಗಾಳಿ ಬಂದರೆ ಕಣಿವೆಯ ಹೊಗೆಯೊಡನೆ ಅದೂ ಮರಳಿ ಕಡಲ ಕಡೆಗೆ ಇಳಿಯುವುದು, ಮರುದಿನ ಹುಟ್ಟುವ ಎಳೆಯ ಕಣಗಳಿಗೆ ತಾನೇ ಪ್ರತಿಬಂಧಕವಾಗುವುದು!

ಒಂದೇ ಸ್ಥಳದಲ್ಲಿ ಯಂತ್ರವನ್ನಿಟ್ಟು ಇಡೀ ಬೆಳವಣಿಗೆಯನ್ನು ನೋಡುವುದು ತೀರದಲ್ಲಿ ಕಷ್ಟವಾಗಿರುವುದಕ್ಕೂ ಇದೇ ಕಾರಣ. ಫಿನ್‌ಲೆಂಡಿನ ಹ್ಯೂಟಿಯಾಲಾ ಎಂಬ ಕಾಡಿನ ವೀಕ್ಷಣಾಲಯದಲ್ಲಿ ಕುಲ್ಮಾಲ ಮತ್ತವರ ಸಂಗಡಿಗರು ೧೯೯೬ರಿಂದ ಈ ಕಣಗಳನ್ನು ಅವಿಚ್ಛಿನ್ನವಾಗಿ ಅಳೆಯುತ್ತ ಬಂದಿರುವರು. ಅಲ್ಲಿ ನೂರಾರು ಕಿಲೋಮೀಟರು ಉದ್ದಕ್ಕೂ ಗಾಳಿ ಒಂದೇ ಬಗೆಯದು. ಹೊತ್ತನ್ನು ಅಡ್ಡಕ್ಕೂ ಗಾತ್ರವನ್ನು ಮೇಲಕ್ಕೂ ಇಟ್ಟು ಚಿತ್ರ ಬರೆದರೆ ಹಗಲು ಹುಟ್ಟಿದ ಕಣಗಳು ರಾತ್ರಿಯವರೆಗೂ ಬೆಳೆಯುತ್ತ ಹೋದುದು ಬಾಗಿದ ಬಾಳೆಹಣ್ಣಿನ ಆಕಾರದಲ್ಲಿ ಮೂಡುವುದು. ಆ ವಿದ್ವಾಂಸರು ಅದನ್ನು ಬಾಳೆಹಣ್ಣೆಂದೇ ಕರೆಯುವರು. ಬಾಳೆ ಬೆಳೆಯದ ಆ ಹಿಮದ ನಾಡಿನಲ್ಲಿ ಪೂರ್ತಿಯಾದ ಬಾಳೆಹಣ್ಣು ಸಿಕ್ಕುವುದು, ಕದಳೀವನಗಳ ನಮ್ಮ ತೀರದಲ್ಲಾದರೋ ಗಾಳಿಯು ನಡುಹಗಲಲ್ಲಿ ಮಗುಚುವುದರಿಂದ ಮುರಿದ ತುಂಡುಗಳೇ ಸಿಕ್ಕುವುವು.

ತೀರವೆಂದೊಡನೆ ಎಲ್ಲ ತೀರಗಳೂ ಒಂದೇ ಎಂದು ಭಾವಿಸಲಾಗದು. ಐರ್ಲೆಂಡಿನ ಮೇಸ್ ಹೆಡ್ ಎಂಬಲ್ಲಿ ಇಳಿತದ ಹೊತ್ತಿಗೆ ಬಯಲಾಗುವ ಕಡಲಪಾಚಿಯ ರಾಶಿಯಿಂದ ಅಯೋಡೀನಿನ ಆವಿ ಹೊರಟು ಕಣಗಳು ಅಪಾರವಾಗಿ ಹುಟ್ಟುವುವೆಂದು ೨೦೦೨ರಲ್ಲಿ ಓಡೌಡ್ ಮುಂತಾದವರು ತೋರಿಸಿದರು. ಉಳ್ಳಾಲ, ತಣ್ಣೀರುಬಾವಿ, ಪಣಂಬೂರುಗಳ ಮರಳುದಂಡೆಯಲ್ಲಿ ಅಂತಹ ಪಾಚಿಯ ಕಾಡುಗಳಿಲ್ಲ. ನಮ್ಮಲ್ಲಿ ಗಂಧಕಕ್ಕೆ ಹಡಗು, ಕಾರಖಾನೆ, ಹೆದ್ದಾರಿಗಳನ್ನೂ, ಕ್ಷಾರಕ್ಕೆ ಹಟ್ಟಿ, ಗದ್ದೆ, ದಕ್ಕೆಗಳನ್ನೂ, ಪೋಷಣೆಗೆ ತೋಟ ಕಾಡುಗಳ ಆವಿಯನ್ನೂ ಒಲೆಯ ಹೊಗೆಯನ್ನೂ ನೋಡಬೇಕು. ಹಡಗಿನ ಎಣ್ಣೆಯಲ್ಲಿ ನೂರಕ್ಕೆ ೩.೫ರವರೆಗೆ ಇರಬಹುದಾಗಿದ್ದ ಗಂಧಕವನ್ನು ಅಂತರರಾಷ್ಟ್ರೀಯ ನಿಯಮವು ೨೦೨೦ನೆಯ ಜನವರಿ ೧ರಿಂದ ೦.೫ಕ್ಕೆ ಇಳಿಸಿತು. ೧೯೭೪ರಲ್ಲಿ ತೆರೆದ ಪಣಂಬೂರಿನ ಬಂದರಕ್ಕೆ ಬರುವ ಹಡಗುಗಳಿಗೂ ಈ ನಿಯಮವೇ. ಇದರಿಂದ ಅಮ್ಲದ ಮೂಲವೂ ಕುಗ್ಗುವುದು, ಹಡಗಿನ ಹೊಗೆಯೆಂಬ ಪ್ರತಿಬಂಧಕವೂ ಕುಗ್ಗುವುದು. ಕಣೋತ್ಪತ್ತಿಯ ಮಟ್ಟಿಗೆ ಒಂದು ಕೈ ಕೊಟ್ಟುದನ್ನು ಇನ್ನೊಂದು ಕೈ ಕಿತ್ತುಕೊಂಡಂತೆ. ಮಳೆಗಾಲದ ಸ್ಥಿತಿ ಬೇರೆ. ಬಿಸಿಲೆಂಬ ನಿಮಿತ್ತವು ಮುಚ್ಚಿಹೋಗಿರುವುದು. ಬಲವಾದ ಪಡುವಣ ಗಾಳಿಯು ತರುವ ಉಪ್ಪಿನ ದಪ್ಪ ಕಣಗಳು ಸಂಖ್ಯೆಯಲ್ಲಿ ಅಲ್ಪವಾದರೂ ಮೈಯಗಲದಿಂದ ಆವಿಗಳನ್ನು ನುಂ­ಗುವುವು. ಉಳಿದುದನ್ನು ಮಳೆಯೇ ತೊಳೆದುಹಾಕುವುದು.

ಇಷ್ಟು ಸೂಕ್ಷ್ಮವಾದುದರ ಚಿಂತೆ ಲೋಕಕ್ಕೇಕೆಂದು ಯಾರಾದರೂ ಕೇಳಿಯಾರು. ಮೇಘದ ಮಾತು ಹಾಗಿರಲಿ, ಉಸಿರಾಟದ ಮಾತೊಂದಿದೆ. ನಮ್ಮ ದೇಶದಲ್ಲಿ ಗಾಳಿಯ ನೈರ್ಮಲ್ಯವನ್ನು ನಿರ್ಣಯಿಸುವುದು ತೂಕದಿಂದ: ೨.೫ ಮೈಕ್ರೋಮೀಟರಿಗೆ ಮೀರದ ಕಣಗಳು ವರ್ಷದ ಸರಾಸರಿಯಲ್ಲಿ ಘನಮೀಟರಿಗೆ ೪೦ ಮೈಕ್ರೋಗ್ರಾಮನ್ನು ದಾಟಬಾರದೆಂದು ೨೦೦೯ರ ನಿಯಮ. ಆದರೆ ಆ ೨.೫ ಮೈಕ್ರೋಮೀಟರಿನ ಒಂದು ಕಣದ ತೂಕಕ್ಕೆ ೧೦ ನ್ಯಾನೋಮೀಟರಿನ ಕಣಗಳು ಒಂದೂವರೆ ಕೋಟಿಗೂ ಹೆಚ್ಚು ಬೇಕು. ತಕ್ಕಡಿಯ ಮುಂದೆ ಅವು ಇಲ್ಲದಂತೆಯೇ. ಆದರೂ ಶ್ವಾಸಕೋಶದ ತುದಿಯ ಗಾಳಿಗೂಡುಗಳವರೆಗೆ ಇಂತಹ ಹಗುರವಾದವುಗಳೂ ಇಳಿಯಬಲ್ಲವು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ಇವುಗಳನ್ನು ತೂಗದೆ ಎಣಿಸಬೇಕೆಂದು ಹೇಳಿ, ಒಂದು ದಿನದ ಸರಾಸರಿಯಲ್ಲಿ ಘನ ಸೆಂಟಿಮೀಟರಿಗೆ ೧,೦೦೦ಕ್ಕಿಂತ ಕಡಮೆಯಿದ್ದರೆ ಅಲ್ಪವೆಂದೂ ೧೦,೦೦೦ವನ್ನು ಮೀರಿದರೆ ಅಧಿಕವೆಂದೂ ಗುರುತು ಹಾಕಿಕೊಟ್ಟಿತು. ವೈಶೇಷಿಕರು ದ್ವ್ಯಣುಕ ತ್ರ್ಯಣುಕಗಳ ಪರಿಮಾಣಕ್ಕೆ ಅವಯವಗಳ ಪರಿಮಾಣವು ಕಾರಣವಲ್ಲ, ಸಂಖ್ಯೆಯೇ ಕಾರಣವೆಂದು ವಾದಿಸಿದುದು ನೆನಪಿಗೆ ಬರುತ್ತದೆ.

ನೆನಪಿಗೆ ಬರುತ್ತದೆಯೆಂದೆನೇ ಹೊರತು ಅವರು ಇದನ್ನೇ ಹೇಳಿದರೆಂದು ಹೇಳಲಿಲ್ಲ. ಕಣಾದನಿಗೆ ಇದೆಲ್ಲವೂ ತಿಳಿದಿದ್ದಿತೆಂದು ಬರೆಯುವ ಲೇಖನಗಳು ಈಚೆಗೆ ಹೆಚ್ಚಾಗಿ ಕಾಣುತ್ತಿರುವುದರಿಂದ ಈ ಎಚ್ಚರಿಕೆ. ಕಿಟಕಿಯ ಬಿಸಿಲುಕೋಲಿನಲ್ಲಿ ಕಾಣುವ ತ್ರಸರೇಣುವೇ ತಾರ್ಕಿಕರ ತ್ರ್ಯಣುಕ. ಅದರ ಆರನೆಯ ಒಂದು ಪಾಲೇ ಪರಮಾಣು. ಆ ತ್ರಸರೇಣುವು ಇಪ್ಪತ್ತು ಮೈಕ್ರೋಮೀಟರು ಇದ್ದರೆ ಹೊಸತಾಗಿ ಹುಟ್ಟಿದ ಕಣಕ್ಕಿಂತ ಹತ್ತು ಸಾವಿರ ಪಾಲು ದೊಡ್ಡದು, ಅದೂ ಅಡ್ಡಳತೆಯಲ್ಲಿ. ಅವರ ಪರಮಾಣುವು ಯುಕ್ತಿಯಿಂದ ಸಾಧಿತವಾದುದು, ಇದು ಎಣಿಸಿ ಕಂಡುದು. ಕಾಳಿದಾಸನ ಹೊಗೆಯ ವಿಷಯದಲ್ಲಿಯೂ ಹಾಗೆಯೇ. ಹೊಗೆಯ ಕಣಗಳು ಮೇಘಬೀಜವಾಗುವುದು ನಿಜವಾದುದರಿಂದ ಆ ಮಾತನ್ನು ಅಜ್ಞಾನವೆಂದು ತಳ್ಳಬೇಕಾದುದಿಲ್ಲ. ಕವಿಯು ಬೀಜವಾದವನ್ನು ಬಲ್ಲನೆಂದು ಹೊಗಳಬೇಕಾದುದೂ ಇಲ್ಲ. ಅವನಿಗೆ ಅಲ್ಲಿ ಬೇಕಾಗಿದ್ದುದು ಸಂದೇಶ ಒಯ್ಯಲಾರದ ಜಡವಸ್ತು.

ನಮ್ಮ ಕೈಯಲ್ಲಿರುವುದು ಶಬ್ದದ ಕೆಲಸ. ಪಾಠಪುಸ್ತಕಗಳಲ್ಲಿ ದೂಳಿನ ಕಣವೆಂದಿರುವೆಡೆಯಲ್ಲಿ ಬರಿಯ 'ವಾಯುಕಣ'ವೆಂದರೆ ಎದ್ದುದಕ್ಕೂ ಹುಟ್ಟಿದುದಕ್ಕೂ ಸಲ್ಲುವುದು. ಅನಿಲದಿಂದ ಹೊಸ ಕಣವಾಗುವುದಕ್ಕೆ ಕೆಲವರು 'ಬೀಜೀಕರಣ'ವೆಂದು ಬರೆದಿರುವರು; ಆ ಶಬ್ದವು ಮೋಡಬಿತ್ತನೆಗೂ ಬಳಕೆಯಾಗುತ್ತಿರುವುದರಿಂದ ಭ್ರಮೆಗೆ ಎಡೆಯುಂಟು. ಬೀಜವೆಂಬುದು ಬೆಳೆದ ಮೇಲಿನ ಅವಸ್ಥೆ. ಹುಟ್ಟಿದೊಡನೆ ಅದು ಯಾವ ಮೇಘಕ್ಕೂ ಬೀಜವಲ್ಲ. ಆದುದರಿಂದ ಹುಟ್ಟಿಗೆ 'ಕಣೋತ್ಪತ್ತಿ', ಬೆಳೆವಿಗೆ 'ಕಣವೃದ್ಧಿ', ಹನಿಯನ್ನು ಹೊರಬಲ್ಲಷ್ಟು ಬೆಳೆದುದಕ್ಕೆ 'ಮೇಘಬೀಜ' ಎಂದು ಮೂರನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಮೇಲು. ಹಳೆಯ ಕಣಗಳು ಆವಿಯನ್ನು ಹೀರಿ ಹುಟ್ಟನ್ನು ತಡೆಯುವುದಕ್ಕೆ ನಾನು 'ಪ್ರತಿಬಂಧಕ'ವೆಂದೇ ಬಳಸಿದ್ದೇನೆ. ಇದು ತರ್ಕದ ವಾಸನೆಯಿಂದ ಬಂದುದು. ಕನ್ನಡದ ಶಾಲೆಗಳಿಗೆ ಇದಕ್ಕಿಂತ ತಿಳಿಯಾದ ಮಾತೊಂದು ದೊರೆತರೆ ಇದನ್ನು ಬಿಟ್ಟುಕೊಡಲು ನನ್ನ ಅಭ್ಯಂತರವಿಲ್ಲ.